ಮಿಯಾಟಾ ಲೀಟರಿಗೆ ಎಷ್ಟು ಕೊಡುತ್ತೆ? ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಲೆಕ್ಕದ ಪುಸ್ತಕ

ಕಾರು ತಗೊಂಡ ದಿನ ದಾವಣಗೆರೆಗೆ ಫೋಟೋ ಕಳಿಸಿದೆ. ಕೆಂಪು ಬಣ್ಣ, ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಟಾಪು. ಲೈಟ್ ಹಾಕಿದರೆ ಬಾನೆಟ್ಟಿನಿಂದ ಎರಡು ಕಣ್ಣು ಮೇಲೇಳುತ್ತವೆ. ಅಣ್ಣ ಫೋನ್ ಮಾಡಿದವನು ಕೇಳಿದ್ದು ಒಂದೇ ಮಾತು: "ಚೆನ್ನಾಗೈತಪ್ಪ. ಎಷ್ಟು ಕೊಡ್ತೈತಿ?"

ನಮ್ಮ ಮನೆಯಲ್ಲಿ ಅದು ಹಗುರವಾಗಿ ಕೇಳುವ ಪ್ರಶ್ನೆ ಅಲ್ಲ. ಅಪ್ಪನ ಬಜಾಜ್ ಚೇತಕ್ಕಿನ ಡಿಕ್ಕಿಯಲ್ಲಿ ಸದಾ ಒಂದು ಪುಟ್ಟ ನೋಟ್‌ಬುಕ್ ಇರುತ್ತಿತ್ತು. ದಿನಾಂಕ, ಮೀಟರು, ಎಷ್ಟು ಲೀಟರು, ಎಷ್ಟು ದುಡ್ಡು. ಲೆಕ್ಕ ಎರಡು ಸಲ ಇಳಿಯಿತೆಂದರೆ ಮೂರನೇ ಸಲ ಭಾನುವಾರ ಬೆಳಿಗ್ಗೆ ಪ್ಲಗ್ ಬಿಚ್ಚಿ ಕೂರುತ್ತಿದ್ದರು. ವೈದ್ಯರು ನಾಡಿ ಹಿಡಿದು ನೋಡುವ ಹಾಗೆ ಅವರು ಆ ಪುಸ್ತಕ ನೋಡುತ್ತಿದ್ದರು. ನಾನಿರುವುದು ಮಿಶಿಗನ್‌ನಲ್ಲಿ, ಗಾಡಿ 1995ರ ಮಾಜ್ದಾ ಎಂಎಕ್ಸ್-5, ಇಲ್ಲಿನವರ ಬಾಯಲ್ಲಿ ಮಿಯಾಟಾ. ಆದರೂ ಗ್ಲವ್ ಬಾಕ್ಸಿನಲ್ಲಿ ಮೊದಲ ದಿನವೇ ಒಂದು ನೋಟ್‌ಬುಕ್ ಇಟ್ಟೆ. ಈ ಬರಹ ಅದರಿಂದ ಎತ್ತಿಕೊಂಡಿದ್ದು.

ಗಾಡಿಯ ಬಗ್ಗೆ ಎರಡು ಮಾತು. 1839 ಸಿಸಿ, ನಾಲ್ಕು ಸಿಲಿಂಡರು, 128 ಹಾರ್ಸ್‌ಪವರ್, ಐದು ಗೇರು, ಹಿಂದಿನ ಚಕ್ರಕ್ಕೆ ಓಟ. ತೂಕ ಸುಮಾರು 1040 ಕಿಲೋ, ಟ್ಯಾಂಕಿಗೆ 48 ಲೀಟರು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಹೊರಬಂದ ಮಾದರಿಯ ತಮ್ಮ ಇದು. ಮಾಡಿದವರು ಇದನ್ನು 'ಜಿನ್ಬಾ ಇತ್ತಾಯ್' ಅನ್ನುತ್ತಾರೆ, ಕುದುರೆ ಮತ್ತು ಸವಾರ ಒಂದೇ ದೇಹ ಎಂದು. ಆ ಮಾತು ಮುಂದೆ ನನಗೆ ಬೇರೆಯೇ ಅರ್ಥದಲ್ಲಿ ನೆನಪಾಯಿತು.

ಏಪ್ರಿಲ್ 6

ಮೂರು ಟ್ಯಾಂಕು ಮುಗಿದವು. ಲೀಟರಿಗೆ 8.9, 8.6, 8.8 ಕಿ.ಮೀ. ಆಫೀಸಿಗೆ ಹೋಗಿ ಬರುವುದು 38 ಕಿ.ಮೀ., ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೆದ್ದಾರಿ. ಈ ಇಂಜಿನ್ ಇಟ್ಟುಕೊಂಡ ಪರಿಚಯದವರು ಇಂಥ ಓಡಾಟಕ್ಕೆ ಹನ್ನೊಂದರ ಆಸುಪಾಸು ಹೇಳುತ್ತಾರೆ. ಎರಡು ಕಿ.ಮೀ. ಎಲ್ಲೋ ಸೋರುತ್ತಿದೆ.

ಸ್ಪ್ಯಾನರ್ ಹಿಡಿಯುವ ಮೊದಲು ತಕ್ಕಡಿ ಸರಿ ಇದೆಯೇ ನೋಡಬೇಕಲ್ಲ. ಗಾಡಿಯ ಹಿಂದಿನ ಮಾಲೀಕರು 14 ಇಂಚಿನ ಮೂಲ ರಿಮ್ ತೆಗೆದು 15 ಇಂಚಿನದು ಹಾಕಿಸಿದ್ದರು. ಟೈರು 195/55. ಕಂಪನಿಯಿಂದ ಬಂದದ್ದು 185/60. ಲೆಕ್ಕ ಹಾಕಿದರೆ ಹೊಸ ಟೈರಿನ ವ್ಯಾಸ 595 ಮಿ.ಮೀ., ಹಳೆಯದರದ್ದು 578. ಅಂದರೆ ಚಕ್ರ ಒಂದು ಸುತ್ತಿಗೆ ಮೂರು ಪರ್ಸೆಂಟ್ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತೇ ಇಲ್ಲ. ಇಲ್ಲಿ ಐ-96 ಹೆದ್ದಾರಿಯ ಪಕ್ಕದಲ್ಲಿ ಮೈಲಿಗೊಂದು ಹಸಿರು ಫಲಕ ನೆಟ್ಟಿದ್ದಾರೆ. ಅದನ್ನೇ ಹಿಡಿದು 50 ಮೈಲಿ ಓಡಿಸಿದೆ, ಮೀಟರು ತೋರಿಸಿದ್ದು 48.6. ಇನ್ನು ಮೇಲೆ ಪ್ರತಿ ದೂರವನ್ನೂ 1.029ರಿಂದ ಗುಣಿಸಬೇಕು. ಅಲ್ಲಿಗೆ ಸರಾಸರಿ 8.8 ಅನ್ನುವುದು 9.0 ಆಯಿತು. ಗಾಡಿಯಲ್ಲಿ ಏನೂ ಬದಲಾಗಿಲ್ಲ, ನನ್ನ ಸುಳ್ಳು ಲೆಕ್ಕ ನಿಜವಾಯಿತು ಅಷ್ಟೇ.

ಟ್ಯಾಂಕ್ ತುಂಬಿಸುವುದರಲ್ಲೂ ಮೋಸ ಹೋಗಬಹುದು. ಬಂಕಿನ ನಳಿಕೆ ಒಮ್ಮೆ ಬೇಗ ಕಟ್ಟಾಗುತ್ತದೆ, ಒಮ್ಮೆ ತಡವಾಗಿ. ಅರ್ಧ ಲೀಟರಿನ ವ್ಯತ್ಯಾಸ ಸಲೀಸಾಗಿ ಬರುತ್ತದೆ. ಹತ್ತು ಲೀಟರಿಗೆ ಅರ್ಧ ಲೀಟರ್ ಅಂದರೆ ಐದು ಪರ್ಸೆಂಟ್. ನಲವತ್ತು ಲೀಟರಿಗಾದರೆ ಒಂದೂಕಾಲು. ಹಾಗಾಗಿ ಕಾಲು ಟ್ಯಾಂಕಿಗೆ ಮೈಲೇಜ್ ನೋಡಿ ಖುಷಿಪಡುವುದೂ ಬೇಡ, ಕೊರಗುವುದೂ ಬೇಡ. ಒಂದೇ ಬಂಕು, ಒಂದೇ ಪಂಪು, ಗಾಡಿ ನಿಲ್ಲುವುದು ಒಂದೇ ಜಾಗ, ಮೊದಲ ಕಟ್ಟಿಗೆ ನಿಲ್ಲಿಸುವುದು. ಕುತ್ತಿಗೆವರೆಗೆ ತುಂಬಿದರೆ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ಹಸಿ ಪೆಟ್ರೋಲ್ ಹೋಗಿ ಅದು ಹಾಳಾಗುತ್ತದೆ, ಅದೂ ಒಂದು ಕಾರಣ.

ಏಪ್ರಿಲ್ 27

ಗಾಳಿ ನೋಡಿದೆ. ಬಾಗಿಲಿನ ಸ್ಟಿಕ್ಕರಿನಲ್ಲಿ ನಾಲ್ಕೂ ಚಕ್ರಕ್ಕೆ 26 ಪಿಎಸ್‌ಐ. ಇದ್ದದ್ದು 25, 24, 20, 19. ನಾಲ್ಕನ್ನೂ 28ಕ್ಕೆ ತಂದೆ. ಏರ್ ಫಿಲ್ಟರ್ ಬದಲಾಯಿಸಿದೆ, ಇಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರನ್ನು ಅದಕ್ಕೆಂದೇ ಬರುವ ಸ್ಪ್ರೇಯಿಂದ ತೊಳೆದೆ. ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ಗು ಕಿಡಿ ಹಾರಿಸುವ ಹೊತ್ತು, ನೋಡಿದೆ, ಇರಬೇಕಾದ 10 ಡಿಗ್ರಿಯಲ್ಲೇ ಇತ್ತು, ಮುಟ್ಟಲಿಲ್ಲ. ಪ್ಲಗ್ಗು ಹೊಸದು ಹಾಕಿ 1.1 ಮಿ.ಮೀ. ಗ್ಯಾಪ್ ಇಟ್ಟೆ.

ಫಲ: 9.1. ಅಂದರೆ ಹೇಳಿಕೊಳ್ಳುವಂಥದ್ದೇನಿಲ್ಲ.

ಮೇ 4

ಒಂದು ವಿಷಯ ಮೊದಲಿನಿಂದ ಕಣ್ಣಿಗೆ ಬೀಳುತ್ತಿತ್ತು, ಬುದ್ಧಿಗೆ ಬಿದ್ದಿರಲಿಲ್ಲ. ಊರೊಳಗೆ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರುತ್ತದೆ, ಹೆದ್ದಾರಿ ಹತ್ತಿದ ಐದು ನಿಮಿಷಕ್ಕೆ ಕೆಳಗಿಳಿಯುತ್ತದೆ. ಹೀಟರ್ ಹಾಕಿದರೆ ಬರುವುದು ಬೆಚ್ಚನೆ ಗಾಳಿ, ಬಿಸಿ ಅಲ್ಲ. ಇಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು, ಅಂದರೆ ಇಂಜಿನ್ ತಣಿಸುವ ದ್ರವವನ್ನು, ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ ಥರ್ಮೋಸ್ಟಾಟ್. ಅದು ಬಾಯಿ ತೆರೆದೇ ನಿಂತಿದೆ.

ರೇಡಿಯೇಟರಿನ ಕೆಳಗಿನ ಬಿರಡೆ ಬಿಚ್ಚಿ ಕೂಲಂಟ್ ಬಕೆಟ್ಟಿಗೆ ಇಳಿಸಿದೆ. ಇಂಜಿನ್ನಿನ ಮುಂದೆ ಅಡ್ಡ ಹಾಯುವ ಗಾಳಿಯ ಪೈಪು ತೆಗೆದರೆ ಥರ್ಮೋಸ್ಟಾಟ್ ಮುಚ್ಚಳ ಕಾಣುತ್ತದೆ. ಹಳೇ ಗ್ಯಾಸ್ಕೆಟ್ಟಿನ ಸಿಪ್ಪೆಯನ್ನು ಪ್ಲಾಸ್ಟಿಕ್ ಬ್ಲೇಡಿನಿಂದಲೇ ಕೆರೆಯಬೇಕು. ಅಲ್ಯೂಮಿನಿಯಂ ಮೇಲೆ ಉಕ್ಕು ಆಡಿಸಿದರೆ ಗೀರು ಬಿದ್ದು ಮುಂದೆ ಸೋರುತ್ತದೆ.

ಹೊರಗೆ ಬಂದ ಥರ್ಮೋಸ್ಟಾಟನ್ನು ನೋಡಿದರೆ ಕವಾಟದ ಅಂಚಿನಲ್ಲಿ ಒಂದು ಚೂರು ತುಕ್ಕು ಸಿಕ್ಕಿಹಾಕಿಕೊಂಡಿದೆ. ತಣ್ಣಗಿರುವಾಗಲೇ ಮೂರು ಮಿ.ಮೀ. ಸಂದಿ. ಹಳೆಯದು, ಹೊಸದು ಎರಡಕ್ಕೂ ದಾರ ಕಟ್ಟಿ ಹಳೇ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಒಲೆ ಹಚ್ಚಿದೆ, ಜೊತೆಗೆ ಅಡುಗೆಮನೆಯ ಥರ್ಮಾಮೀಟರು. 80 ಡಿಗ್ರಿವರೆಗೆ ಹೊಸದು ಅಲುಗಲಿಲ್ಲ. 88 ಆಗುತ್ತಿದ್ದ ಹಾಗೆ ನಡುವಿನ ತಟ್ಟೆ ನಿಧಾನವಾಗಿ ಮೇಲೇಳತೊಡಗಿತು, ಒಳಗಿನ ಮೇಣ ಹಿಗ್ಗಿ ಅದನ್ನು ನೂಕುತ್ತದೆ. ಹಳೆಯದು ಮೊದಲಿನಿಂದಲೂ ಹಾಗೇ ಬಾಯಿ ಬಿಟ್ಟುಕೊಂಡಿತ್ತು.

ಇದಕ್ಕೂ ಪೆಟ್ರೋಲಿಗೂ ಏನು ಸಂಬಂಧ ಅಂದರೆ, ಇಂಜಿನ್ ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತಿರುವಷ್ಟು ಹೊತ್ತೂ ಕಂಪ್ಯೂಟರು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಚೇತಕ್ಕಿನಲ್ಲಿ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಅದನ್ನು ಒಳಗೆ ತಳ್ಳುವುದು ಮರೆತು ಆಫೀಸಿಗೆ ಹೋದ ಹಾಗೆ. ಜೊತೆಗೆ ತಣ್ಣನೆಯ ಆಯಿಲ್ ಮಂದ, ತಿರುಗುವುದಕ್ಕೇ ಶಕ್ತಿ ಬೇಕು.

ಹೊಸದನ್ನು ಕೂರಿಸುವಾಗ ಅದರ ಪುಟ್ಟ ಅಲ್ಲಾಡುವ ಪಿನ್ನು ಮೇಲುಗಡೆ ಬರಬೇಕು, ಸಿಕ್ಕಿಕೊಂಡ ಗಾಳಿ ಅಲ್ಲಿಂದಲೇ ಹೊರಹೋಗುವುದು. ಆರು ಲೀಟರ್ ಕೂಲಂಟ್, ಅರ್ಧಕ್ಕರ್ಧ ನೀರು. ಗಾಳಿ ಪೂರ್ತಿ ಹೋಗುವವರೆಗೆ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು, ಹೀಟರ್ ಹಾಕಿ ಐಡ್ಲಿಂಗ್‌ನಲ್ಲಿ ಬಿಟ್ಟೆ.

ಮೇ 31

ಎರಡು ಟ್ಯಾಂಕಿನ ಸರಾಸರಿ 9.5. ಆದರೆ ಇದನ್ನೆಲ್ಲ ಥರ್ಮೋಸ್ಟಾಟಿನ ಖಾತೆಗೆ ಬರೆಯುವುದು ಸರಿಯಲ್ಲ. ಏಪ್ರಿಲಿನಲ್ಲಿ ಬೆಳಿಗ್ಗೆ ಸೊನ್ನೆ ಡಿಗ್ರಿ ಇತ್ತು, ಈಗ ಹದಿನೈದು. ಚಳಿಯಲ್ಲಿ ಯಾವ ಪೆಟ್ರೋಲ್ ಗಾಡಿಯೂ ಕಮ್ಮಿಯೇ ಕೊಡುತ್ತದೆ. ಅಮೆರಿಕದ ಪರಿಸರ ಸಂಸ್ಥೆಯ ಲೆಕ್ಕದ ಪ್ರಕಾರ 25 ಡಿಗ್ರಿಗೆ ಹೋಲಿಸಿದರೆ ಮೈನಸ್ 7ರಲ್ಲಿ ಊರೊಳಗಿನ ಓಡಾಟಕ್ಕೆ ಸುಮಾರು 15 ಪರ್ಸೆಂಟ್ ಇಳಿಕೆ. ಸಾಲದ್ದಕ್ಕೆ ಚಳಿಗಾಲದಲ್ಲಿ ಬಂಕಿಗೆ ಬರುವ ಪೆಟ್ರೋಲಿನ ಮಿಶ್ರಣವೂ ಬೇರೆ. ಅರ್ಧ ನನ್ನದು, ಅರ್ಧ ಸೂರ್ಯನದು ಎಂದು ಬರೆದುಕೊಂಡೆ.

ಅದೇ ದಿನ ಆಕ್ಸಿಜನ್ ಸೆನ್ಸರಿಗೆ ಮಲ್ಟಿಮೀಟರ್ ಹಚ್ಚಿದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಪೆಟ್ರೋಲ್ ಹೆಚ್ಚಾಯಿತೋ ಕಮ್ಮಿಯಾಯಿತೋ ಎಂದು ಕಂಪ್ಯೂಟರಿಗೆ ಹೇಳುವುದು ಇದೇ. ಆರೋಗ್ಯವಾಗಿದ್ದರೆ ಮುಳ್ಳು 0.1 ಮತ್ತು 0.9 ವೋಲ್ಟಿನ ನಡುವೆ ಚಡಪಡಿಸುತ್ತಿರಬೇಕು. ಇದು 0.75ರಲ್ಲಿ ಕೂತು ಆಗೊಮ್ಮೆ ಈಗೊಮ್ಮೆ ಸೋಮಾರಿಯಾಗಿ ಇಳಿಯುತ್ತಿತ್ತು. ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆಯಲ್ಲಿ ನೆನೆಸಿಟ್ಟು ಬೆಳಿಗ್ಗೆ 22ರ ಸೀಳು ಸಾಕೆಟ್ಟಿನಿಂದ ತಿರುಗಿಸಿದೆ, ಬಂತು. ಹೊಸದು ಹಾಕಿದ ಮೇಲೆ 9.9.

ಇಲ್ಲಿಗೆ ನನ್ನ ಪಟ್ಟಿ ಖಾಲಿ. ಆದರೂ ಒಂದು ಕಿ.ಮೀ. ಬಾಕಿ ಉಳಿಯಿತು.

ಮಧ್ಯದಲ್ಲಿ ಒಂದು ಮಾತು

ಇಷ್ಟು ಹಗುರದ ಗಾಡಿ ಯಾಕೆ ದೊಡ್ಡ ಸೆಡಾನಿನಷ್ಟೂ ಕೊಡುವುದಿಲ್ಲ ಎಂದು ಅಣ್ಣನೂ ಕೇಳಿದ. ಉತ್ತರ ಗೇರಿನಲ್ಲಿದೆ. ಐದನೇ ಗೇರಿನ ಅನುಪಾತ 0.814, ಓಟವನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲಿನದು 4.10. ಮೂಲ ಟೈರಿನಲ್ಲಿ ಗಂಟೆಗೆ 100 ಕಿ.ಮೀ. ಹೋಗುವಾಗ ಇಂಜಿನ್ ನಿಮಿಷಕ್ಕೆ 3100 ಸುತ್ತು ತಿರುಗುತ್ತಿರುತ್ತದೆ. ಕಾಲಿಟ್ಟ ತಕ್ಷಣ ಪಿಕಪ್ ಸಿಗಲಿ ಎಂದು ಮಾಡಿದ ಏರ್ಪಾಡು ಅದು. ಆ ಸುತ್ತಿನಲ್ಲಿ ಅರೆಬರೆ ತೆರೆದ ಥ್ರಾಟಲ್ಲಿನಿಂದ ಗಾಳಿ ಎಳೆದುಕೊಳ್ಳುವುದಕ್ಕೆ, ಪಿಸ್ಟನ್ ಉಜ್ಜಾಟಕ್ಕೆ ಹೋಗುವ ಪೆಟ್ರೋಲ್ ಕಮ್ಮಿಯಲ್ಲ. ತೂಕ ಕಮ್ಮಿ ಇದ್ದರೆ ಊರೊಳಗೆ ನಿಂತು ನಿಂತು ಹೊರಡುವಾಗ ಲಾಭ. ಹೆದ್ದಾರಿಯಲ್ಲಿ ಎದುರು ನಿಲ್ಲುವುದು ಗಾಳಿ. ಗಾಳಿ ಕೇಳುವುದು ತೂಕವನ್ನಲ್ಲ, ಆಕಾರವನ್ನು.

ಕಾಗದದ ಮೇಲಿನ ಅಂಕಿಗೂ ನಮ್ಮ ರಸ್ತೆಗೂ ಇರುವ ದೂರ ಇನ್ನೊಂದು. ಈ ಗಾಡಿ ಹುಟ್ಟಿದ ಕಾಲದ ಅಮೆರಿಕನ್ ಹೆದ್ದಾರಿ ಪರೀಕ್ಷೆಯಲ್ಲಿ ಗರಿಷ್ಠ ವೇಗ ಗಂಟೆಗೆ 60 ಮೈಲಿ, ಸರಾಸರಿ 48. ಎಸಿ ಇಲ್ಲ, ಚಳಿ ಇಲ್ಲ. ಬಂದ ಅಂಕಿಯಿಂದ ಊರಿಗೆ 10, ಹೆದ್ದಾರಿಗೆ 22 ಪರ್ಸೆಂಟ್ ಕಡಿದು ಪ್ರಕಟಿಸುತ್ತಿದ್ದರು. 2008ರ ಮಾದರಿಗಳಿಂದ ಹೆಚ್ಚಿನ ವೇಗ, ಎಸಿ, ಚಳಿ ಮೂರನ್ನೂ ಪರೀಕ್ಷೆಗೆ ಸೇರಿಸಿದರು. ನಮ್ಮ ದೇಶದಲ್ಲಿ ಗಾಡಿ ಪರೀಕ್ಷಿಸುವ ಸಂಸ್ಥೆಯಾದ ಎಆರ್‌ಎಐಯ ಹಳೇ ಮೈಲೇಜ್ ಅಂಕಿಗಳು ಬಂದ ಚಾಲನಾ ಚಕ್ರದಲ್ಲಿ ಗರಿಷ್ಠ ವೇಗ 90 ಕಿ.ಮೀ. ಹೀಗೆ ಬಂದ ಅಂಕಿ ಗಾಡಿ ಗಾಡಿಯ ನಡುವೆ ಹೋಲಿಸುವುದಕ್ಕೆ ಒಳ್ಳೆಯದು. ನನ್ನ ಗಾಡಿಗೆ ಕಾಯಿಲೆ ಇದೆಯೇ ಎಂದು ಹೇಳುವುದು ಅದೇ ಗಾಡಿಯ ಹಳೇ ಲೆಕ್ಕ ಮಾತ್ರ.

ಜೂನ್ 22

ಇಂಜಿನ್ನಿನ ಮೇಲೆ ಇನ್ನು ಅನುಮಾನ ಉಳಿದಿರಲಿಲ್ಲ. ಉಳಿದದ್ದು ಉರುಳುವ ಭಾಗ. ಭಾನುವಾರ ಬೆಳಿಗ್ಗೆ ಆರಕ್ಕೆ, ಹೊಲಗಳ ನಡುವೆ ಒಂದು ಸಮತಟ್ಟಾದ ರಸ್ತೆ, ಹಿಂದೆ ಮುಂದೆ ಯಾರೂ ಇಲ್ಲ, ಗಾಳಿಯೂ ಇಲ್ಲ. ಹತ್ತು ಕಿ.ಮೀ. ಓಡಿಸಿ ಎಲ್ಲ ಬಿಸಿಯಾದ ಮೇಲೆ ಗಂಟೆಗೆ 65 ಕಿ.ಮೀ.ಗೆ ತಂದು ನ್ಯೂಟ್ರಲ್‌ಗೆ ಹಾಕಿ ಬಿಟ್ಟುಬಿಡುವುದು. ಮುಳ್ಳು 60 ದಾಟಿದಾಗ ಗಡಿಯಾರ ಶುರು, 20ಕ್ಕೆ ನಿಲ್ಲಿಸುವುದು. ಅದೇ ರಸ್ತೆಯಲ್ಲಿ ತಿರುಗಿ ಎದುರು ದಿಕ್ಕಿಗೆ ಇನ್ನೊಮ್ಮೆ, ಹೀಗೆ ಮೂರು ಜೋಡಿ. ಸರಾಸರಿ 44 ಸೆಕೆಂಡು.

ಒಂದು ಟನ್ ಗಾಡಿಗೆ ಅದು ಬಹಳ ಕಮ್ಮಿ. ಟೈರು, ಗಾಳಿ ಎರಡನ್ನೇ ಲೆಕ್ಕಕ್ಕೆ ಹಿಡಿದರೆ ಒಂದು ನಿಮಿಷವಾದರೂ ಉರುಳಬೇಕಿತ್ತು.

ಮನೆಗೆ ಬಂದು ಇಳಿದೆ. ಎಡ ಹಿಂದಿನ ಚಕ್ರದ ಹತ್ತಿರ ಅಂಗೈ ಒಡ್ಡಿದರೆ ಬೆಚ್ಚಗಿತ್ತು. ಬಲಗಡೆ ಹೋಗಿ ಬಗ್ಗುವುದರೊಳಗೇ ಮುಖಕ್ಕೆ ಒಲೆಯ ಮುಂದೆ ಕೂತ ಹಾಗೆ ಶಾಖ ಹೊಡೆಯಿತು. ಸುಟ್ಟ ಬ್ರೇಕ್ ಪ್ಯಾಡಿನ ಒಗರು ವಾಸನೆ. ರಿಮ್ಮಿನ ಕಡ್ಡಿಗಳ ಸಂದಿಯಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ತೂರಿಸಿ ಬ್ರೇಕ್ ಡಿಸ್ಕಿನ ಮೇಲೆ ಕೆಂಪು ಚುಕ್ಕೆ ಬಿಟ್ಟೆ. ಎಡಕ್ಕೆ 58 ಡಿಗ್ರಿ. ಬಲಕ್ಕೆ 214.

ಕುದುರೆಯ ಒಂದು ಕಾಲಿಗೆ ಹಗ್ಗ ಕಟ್ಟಿ ನಾನು ಎರಡು ತಿಂಗಳಿಂದ ಅದರ ಹೊಟ್ಟೆ ಪರೀಕ್ಷೆ ಮಾಡುತ್ತಿದ್ದೆ. ತುಂಬಾ ಸಂಕಟವಾಯಿತು.

ಜೂನ್ 28

ಜಾಕಿ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರಕ್ಕೆ ಅಡ್ಡ ಇಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ಶುರುಮಾಡಿದೆ. ಬಲ ಹಿಂದಿನ ಚಕ್ರವನ್ನು ಎರಡೂ ಕೈ ಹಾಕಿ ತಿರುಗಿಸಿದರೆ ಕಾಲು ಸುತ್ತು ಹೋಗಿ ನಿಲ್ಲುತ್ತದೆ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಂಬುದು ಎರಡು ಪಿನ್ನುಗಳ ಮೇಲೆ ಹಿಂದೆ ಮುಂದೆ ಜಾರಬೇಕು. ಹಾಗೆ ಜಾರಿದರೆ ಮಾತ್ರ ಒಂದೇ ಪಿಸ್ಟನ್ನು ಎರಡೂ ಕಡೆಯ ಪ್ಯಾಡನ್ನು ಸಮನಾಗಿ ಒತ್ತುತ್ತದೆ, ಕಾಲು ತೆಗೆದಾಗ ಸಮನಾಗಿ ಬಿಡುತ್ತದೆ. ಇಲ್ಲಿ ಕೆಳಗಿನ ಪಿನ್ನು ತನ್ನ ತೂತಿನೊಳಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮಿಶಿಗನ್ನಿನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹರಿದ ರಬ್ಬರ್ ಬೂಟಿನಿಂದ ಉಪ್ಪುನೀರು ಒಳಗೆ ಹೋದರೆ ಗತಿ ಇದೇ. ಪ್ಯಾಡ್ ಈಚೆ ತೆಗೆದರೆ ಹೊರಗಿನದು 7 ಮಿ.ಮೀ., ಒಳಗಿನದು 2. ಅದೂ ಒಂದು ಕಡೆಗೆ ಓರೆಯಾಗಿ ಸವೆದಿದೆ, ಮನೆಯಲ್ಲಿ ಬಾಗಿಲಿಗೆ ಇಡುವ ಬೆಣೆಯ ಹಾಗೆ. ಡಿಸ್ಕಿನ ಮೇಲೆ ನೀಲಿ ಛಾಯೆ.

ತಪ್ಪು ಉಪ್ಪಿನದೊಂದೇ ಅಲ್ಲ. ಈ ಗಾಡಿಯಲ್ಲಿ ಹ್ಯಾಂಡ್‌ಬ್ರೇಕೂ ಹಿಂದಿನ ಕ್ಯಾಲಿಪರಿನೊಳಗೇ ಇದೆ. ಪಿಸ್ಟನ್ನಿನ ಹಿಂದೆ ಒಂದು ಅಡ್ಜಸ್ಟರ್, ಅದಕ್ಕೊಂದು ಬೋಲ್ಟಿನ ಮುಚ್ಚಳ, ಮುಚ್ಚಳ ತೆಗೆದರೆ 4 ಎಂ.ಎಂ. ಅಲೆನ್ ಕೀ ಹೋಗುವ ತೂತು. ಪ್ಯಾಡ್ ಡಿಸ್ಕಿಗೆ ತಾಗುವವರೆಗೆ ಬಿಗಿ ಮಾಡಿ, ಅಲ್ಲಿಂದ ಮೂರನೇ ಒಂದು ಸುತ್ತು ಸಡಿಲ ಬಿಡಬೇಕು. ಎರಡು ವರ್ಷದ ಹಿಂದೆ ಯಾವುದೋ ವರ್ಕ್‌ಶಾಪಿನಲ್ಲಿ ಪ್ಯಾಡ್ ಹಾಕಿದ ಚೀಟಿ ಗಾಡಿಯ ಕಾಗದದಲ್ಲಿದೆ. ಅವರು ಬಿಗಿ ಮಾಡಿದ್ದಾರೆ, ಸಡಿಲ ಬಿಟ್ಟಿಲ್ಲ. ಐದು ಸೆಕೆಂಡಿನ ಕೆಲಸ. ಅದಕ್ಕಾಗಿ ಈ ಗಾಡಿ ಎರಡು ವರ್ಷ ಬ್ರೇಕ್ ಹಿಡಿದುಕೊಂಡೇ ಓಡಿದೆ. ನನಗೆ ಸಿಟ್ಟು ಬಂದಿದ್ದು ನಿಜ.

ಪಿನ್ನಿಗೆ ಎಣ್ಣೆ ಬಿಟ್ಟು, ಹಿಡಿ ಇಕ್ಕಳದಲ್ಲಿ ಹಿಡಿದು ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ ತಿರುಚುತ್ತಾ ಹೋದೆ. ಒಂದು ಗಂಟೆ ಹಿಡಿಯಿತು. ಹೊರಬಂದಾಗ ಅದರ ಮೇಲೆ ಬೆಲ್ಲದ ಬಣ್ಣದ ಗಟ್ಟಿ ಪದರ. ತೂತನ್ನು ಸಣ್ಣ ಬ್ರಷ್ಷಿನಿಂದ ಶುದ್ಧ ಮಾಡಿ, ಹೊಸ ಪಿನ್ನು, ಹೊಸ ಬೂಟು, ಸಿಲಿಕೋನ್ ಗ್ರೀಸು. ಸಾದಾ ಗ್ರೀಸ್ ಹಾಕಬಾರದು, ರಬ್ಬರ್ ಉಬ್ಬಿ ಮತ್ತೆ ಕಚ್ಚಿಕೊಳ್ಳುತ್ತದೆ. ಪಿಸ್ಟನ್ ಹಿಂದಕ್ಕೆ ಹೋಗುವುದು ಕ್ಲಾಂಪಿನಿಂದ ಒತ್ತಿದರೆ ಅಲ್ಲ, ಅದೇ ಅಲೆನ್ ಕೀಯನ್ನು ಅಪ್ರದಕ್ಷಿಣೆಯಾಗಿ ತಿರುಗಿಸಿದರೆ. ಎರಡೂ ಕಡೆಗೆ ಹೊಸ ಡಿಸ್ಕು, ಹೊಸ ಪ್ಯಾಡು. ತಾಗಿಸಿ, ಮೂರನೇ ಒಂದು ಸುತ್ತು ಬಿಟ್ಟೆ.

ಎಡಗಡೆಯದನ್ನೂ ಹಾಗೇ ಬಿಚ್ಚಿ ಜೋಡಿಸಿದ ಮೇಲೆ ಬಲ ಚಕ್ರವನ್ನು ಒಂದು ಕೈಯಲ್ಲಿ ನೂಕಿದೆ. ಪ್ಯಾಡು ಸಣ್ಣಗೆ ಸರಸರ ಅನ್ನುತ್ತಾ ಚಕ್ರ ತಿರುಗಿತು. ಆ ಕಡೆ ಎಡ ಚಕ್ರ ತನ್ನಷ್ಟಕ್ಕೆ ತಾನೇ ಹಿಮ್ಮುಖವಾಗಿ ತಿರುಗತೊಡಗಿತು. ಡಿಫರೆನ್ಷಿಯಲ್ ಮಾಡುವ ಕೆಲಸ ಅದು, ಗೊತ್ತಿದ್ದದ್ದೇ. ಆದರೂ ಗ್ಯಾರೇಜಿನ ನೆಲದ ಮೇಲೆ ಕೂತು ನೋಡುತ್ತಾ ಮತ್ತೊಮ್ಮೆ ನೂಕಿದೆ.

ಮಾರನೇ ದಿನ ಅದೇ ರಸ್ತೆ, ಅದೇ ಹೊತ್ತು. 61 ಸೆಕೆಂಡು. ಡಿಸ್ಕುಗಳು 62 ಮತ್ತು 59 ಡಿಗ್ರಿ.

ನನ್ನನ್ನೂ ಸೇರಿಸಿ ಗಾಡಿ 1120 ಕಿಲೋ ಹಿಡಿದರೆ, 44ಕ್ಕೂ 61ಕ್ಕೂ ಇರುವ ವ್ಯತ್ಯಾಸ ಸುಮಾರು 79 ನ್ಯೂಟನ್ ಎಳೆತ. ಎಂಟು ಕಿಲೋ ತೂಕ ನೇತುಹಾಕಿದಷ್ಟು. ಕೇಳುವುದಕ್ಕೆ ಸಣ್ಣದು. ಆದರೆ ಗಂಟೆಗೆ 90 ಕಿ.ಮೀ.ನಲ್ಲಿ ಅದು ಹತ್ತಿರಹತ್ತಿರ ಎರಡು ಕಿಲೋವ್ಯಾಟ್ ಶಾಖ. ನಮ್ಮ ದಾವಣಗೆರೆ ಮನೆಯ ಬಚ್ಚಲಿನ ಗೀಸರು ಅಷ್ಟೇ ಎಳೆಯುತ್ತದೆ. ಅಂಥದ್ದೊಂದನ್ನು ಹಿಂದಿನ ಚಕ್ರದಲ್ಲಿ ಹಗಲೂ ರಾತ್ರಿ ಹಚ್ಚಿಟ್ಟುಕೊಂಡು ಓಡಾಡಿದ ಹಾಗಾಯಿತು, ಅದಕ್ಕೆ ಉರುವಲು ಪೆಟ್ರೋಲು.

ಜುಲೈ 20

ಬ್ರೇಕಿನ ನಂತರ ಮೂರು ಟ್ಯಾಂಕು: 10.9, 11.2, 11.0. ಅದೇ ಆಫೀಸು, ಅದೇ ದಾರಿ. ಜೂನಿಗೂ ಜುಲೈಗೂ ಹವೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಹಾಗಾಗಿ ಇದನ್ನು ಪೂರ್ತಿ ಬ್ರೇಕಿನ ಖಾತೆಗೇ ಬರೆದೆ.

ಒಂದು ಕುತೂಹಲ ಉಳಿದಿತ್ತು. ಲೇಕ್ ಮಿಶಿಗನ್ ದಡಕ್ಕೆ ಹೋಗಿ ಬರುವ ಎರಡು ವಾರಾಂತ್ಯ ಒಂದೇ ದಾರಿ, ಒಂದೇ ವೇಗ 105 ಇಟ್ಟುಕೊಂಡು ಹೋದೆ. ಟಾಪ್ ಮುಚ್ಚಿಕೊಂಡು 13.1, ತೆರೆದುಕೊಂಡು 12.2. ಗಾಳಿ ಗಾಜಿನ ಮೇಲಿಂದ ಹಾರಿ ಸೀಟಿನ ಹಿಂದೆ ಸುಳಿ ಸುತ್ತುತ್ತದೆ, ಆ ಸುಳಿಯ ಬೆಲೆ ಲೀಟರಿಗೆ ಸುಮಾರು ಒಂದು ಕಿ.ಮೀ. ಸಂಜೆ ಸರೋವರದ ತಂಪು ಗಾಳಿ ತಲೆ ಮೇಲೆ ಹಾಯುವಾಗ ಆ ಬೆಲೆ ಕೊಡುವುದಕ್ಕೆ ನನಗೆ ಸಂತೋಷವೇ. ಆದರೆ ಅದು ನಾನು ಬೇಕೆಂದು ಕೊಟ್ಟದ್ದು. ಬ್ರೇಕು ತಿಂದದ್ದು ಹಾಗಲ್ಲ.

ಅಣ್ಣನಿಗೆ ಫೋನಿನಲ್ಲಿ ಹನ್ನೊಂದು ಅಂದೆ. "ನನ್ನ ಸ್ವಿಫ್ಟು ಹದಿನಾರು ಕೊಡ್ತೈತಿ" ಅಂದ. ಬ್ರೇಕಿನ ಕತೆ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ನಂದೂ ಒಂದ್ಸಲ ಚಕ್ರ ಮುಟ್ಟಿ ನೋಡ್ತೀನಿ" ಅಂದ.

ನವೆಂಬರ್ 2

ಕೊನೆಯ ಟ್ಯಾಂಕು 10.5. ಚಳಿ ಬಂತು, ಇನ್ನು ಉಪ್ಪು ಬೀಳುವ ಮೊದಲು ಗಾಡಿ ಒಳಗೆ. ಟ್ಯಾಂಕ್ ತುಂಬಿಸಿ ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಸರ್ ಹಾಕಿದೆ, ಗಾಳಿ ನಾಲ್ಕು ಪಿಎಸ್‌ಐ ಜಾಸ್ತಿ ಹೊಡೆದೆ. ಗ್ಯಾರೇಜಿನಲ್ಲಿ ಮೊದಲನೇ ಗೇರಿಗೆ ಹಾಕಿ, ಚಕ್ರಗಳಿಗೆ ಮರದ ಅಡ್ಡ ಕೊಟ್ಟೆ. ಐದು ತಿಂಗಳು ನಿಂತಲ್ಲೇ ನಿಂತರೆ ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ.